ಪುಕ್ಕಟೆ ಲಿನಕ್ಸ್, ಕಾಸಿನ ಗೇಮು

ಮೊನ್ನೆ ಊರಿಗೆ, ಅಂದ್ರೆ ಹ್ಯಾಂಡ್‌ಪೋಸ್ಟಿಗೆ ಹೋದಾಗ ಚಿಕ್ಕಪ್ಪನ ಮಗನ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಟ್ಟೆ. "ಅಣ್ಣ, ಇದ್ರಲ್ಲಿ ಗೇಮ್ ಬರಲ್ವಾ?" ಅಂತ ಮುಖ ಸಣ್ಣ ಮಾಡ್ದ.

ಬರುತ್ತೆ. ಆದ್ರೆ ಯಾರಾದ್ರೂ ದುಡ್ಡು ಹಾಕಬೇಕು. ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್ 2013ರಲ್ಲೇ ಲಿನಕ್ಸಿಗೆ ಬಂತು. ಅದರ ಒಡೆಯ ವಾಲ್ವ್ ಕಂಪನಿ ಕೋಡ್‌ವೀವರ್ಸ್ ಜೊತೆ ಸೇರಿ, ವಿಂಡೋಸ್ ಆಟಗಳನ್ನ ಲಿನಕ್ಸಲ್ಲಿ ಓಡಿಸೋ ಪ್ರೋಟಾನನ್ನ 2018ರಲ್ಲಿ ಹೊರತಂದಿತು. ಮಾರಾಟದಲ್ಲಿ ನೂರಕ್ಕೆ 30ರವರೆಗೆ ಕಮಿಷನ್ ತಗೊಳ್ಳೋ ಅಂಗಡಿ, ಅದಕ್ಕೆ ಕೈಲಾಯ್ತು. ಅದೇ ವರ್ಷ ಶುರುವಾದ ಎಪಿಕ್ ಅಂಗಡಿ ಮಾತ್ರ ಲಿನಕ್ಸಿಗೆ ತನ್ನ ತಂತ್ರಾಂಶ ಕೊಡಲೇ ಇಲ್ಲ. ಅಲ್ಲಿ ಕೊಂಡ ಆಟಗಳನ್ನ ಆಡೋಕೆ, ದೇಣಿಗೆ ನೆಚ್ಚಿಕೊಂಡಿರೋ ಹೀರೋಯಿಕ್‌ನಂಥ ಮುಕ್ತ ತಂತ್ರಾಂಶಗಳೇ ಗತಿ.

ಕಂಪನಿಗಳನ್ನ ಬೈಯೋದು ಸುಲಭ. ಆದ್ರೆ ನಾವು ಲಿನಕ್ಸ್ ಮಂದಿ 'ಮುಕ್ತ' ಅಂದ್ರೆ 'ಪುಕ್ಕಟೆ' ಅಂದ್ಕೊಂಡಿದ್ದೀವಿ. ಕಾಲೇಜಲ್ಲಿ ನಾನೂ ಕದ್ದ ಗೇಮುಗಳನ್ನೇ ಆಡಿದವನು. ಗಿರಾಕಿಯೇ ಇಲ್ಲದ ಬೀದೀಲಿ ಯಾರು ಅಂಗಡಿ ಇಡ್ತಾರೆ ಹೇಳಿ? ಕಾಸು ಕೊಟ್ಟು ಕೊಂಡು, ಲಿನಕ್ಸಲ್ಲೇ ಆಡಿದ್ರೆ ತಾನೇ ನಾವು ಲೆಕ್ಕಕ್ಕೆ ಸಿಗೋದು!

ತಮ್ಮನಿಗೊಂದು ಗೇಮ್ ಕೊಡಿಸ್ದೆ. ಹೀರೋಯಿಕ್‌ನವರಿಗೂ ಕೈಲಾದಷ್ಟು ಕಳಿಸ್ದೆ. ಹಳೇ ಪಾಪಕ್ಕೆ ಪ್ರಾಯಶ್ಚಿತ್ತ ಅಂದ್ಕೊಳ್ಳಿ :)

ನೀವು ಗೇಮಿಗೆ ಕೊನೇ ಸಲ ದುಡ್ಡು ಕೊಟ್ಟಿದ್ದು ಯಾವಾಗ?