ಬಿ ಫಾರಂ ಬರೋ ಮುಂಚೆ ಕೇಳಿ

ಈ ವಾರ ಟೊಮೆಟೊ ಎಲೆ ಮುದುಡು ರೋಗದ ಬಗ್ಗೆ ಬರೆಯಬೇಕಿತ್ತು. ಅದು ಮುಂದಿನ ವಾರ. ಇವತ್ತು ನರ್ಸರಿಯಿಂದ ಶುರು ಮಾಡಿ ಬೇರೆ ಕಡೆ ಹೋಗೋಣ.

ನರ್ಸರಿಗೆ ಹೋದರೆ ಸಸಿ ಟ್ರೇಗಳು ಸಾಲಾಗಿ ಇಟ್ಟಿರ್ತಾರೆ. ನಾವು ಬಗ್ಗಿ ಬೇರು ನೋಡಿ, ಕಾಂಡ ನೋಡಿ ಒಳ್ಳೇ ಟ್ರೇ ಆರಿಸ್ತೀವಿ. ಏನೋ ದೊಡ್ಡ ಆಯ್ಕೆ ಮಾಡಿದ ಹಾಗೆ ಅನ್ಸುತ್ತೆ. ಆದರೆ ಯಾವ ತಳಿ ಬಿತ್ತಬೇಕು ಅನ್ನೋದನ್ನ ನರ್ಸರಿಯವನು ತಿಂಗಳ ಹಿಂದೆಯೇ ತೀರ್ಮಾನ ಮಾಡಿ ಆಗಿರುತ್ತೆ. ವಿಧಾನಸಭೆ ಚುನಾವಣೆಯೂ ಇದೇ ಲೆಕ್ಕ. ಮತಗಟ್ಟೆಯಲ್ಲಿ ನಾವು ಆರಿಸೋದು ಟ್ರೇ. ತಳಿ ಆರಿಸೋದು ಟಿಕೆಟ್ ಕೊಡೋರು.

ನಮ್ಮದು ಯಲಹಂಕ ಕಡೆ. ಶಿವರಾಮ ಕಾರಂತ ಬಡಾವಣೆ ಅಂದರೆ ಇಲ್ಲಿನವರಿಗೆ ವಿವರಿಸೋದು ಬೇಡ, ದೂರದ ಓದುಗರಿಗೆ ಹೇಳ್ತೀನಿ. 2008ರ ಡಿಸೆಂಬರ್‌ನಲ್ಲಿ ಬಿಡಿಎ ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ ಸೇರಿ 17 ಹಳ್ಳಿಗಳ ಮೂರೂವರೆ ಸಾವಿರ ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಆಮೇಲೆ ಕೋರ್ಟು, ಕಚೇರಿ, ಸುಮ್ಮನೆ ಕಾಯೋದು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನ ಮುಂದುವರಿಸಿ ಅಂತು. ನಡುವೆ ಹತ್ತು ವರ್ಷ ಹೋಯ್ತು. ಆ ಹತ್ತು ವರ್ಷ ಜಮೀನು ನಮ್ಮದೂ ಹೌದು, ಅಲ್ಲವೂ ಹೌದು. ಪಹಣಿಯ 11ನೇ ಕಾಲಂನಲ್ಲಿ ಹಿಂಗೊಂದು ಸಾಲು ಕೂತರೆ ಏನಾಗುತ್ತೆ ಅಂತ ಅನುಭವಿಸಿದವನಿಗೇ ಗೊತ್ತು. ಸಾಲಕ್ಕೆ ಹೋದರೆ ಮೊದಲು ಆ ಕಾಲಂಗೆ ಬೆರಳಿಡ್ತಾರೆ. ಡ್ರಿಪ್ ಹಾಕಿಸೋಣ ಅಂದರೆ ಮನೆಯಲ್ಲೇ 'ನಾಳೆ ಹೋಗೋ ಜಮೀನಿಗೆ ಯಾಕೆ ದುಡ್ಡು ಸುರೀತೀಯಾ' ಅಂತಾರೆ.

ಹೀಗಿರುವಾಗ ಒಂದು ಚುನಾವಣೆಗೆ ಮುಂಚೆ ಟಿಕೆಟ್ ಆಕಾಂಕ್ಷಿಯೊಬ್ಬರು ನಮ್ಮೂರಿಗೆ ಬಂದರು. ಹೆಸರು, ಪಕ್ಷ ಎರಡೂ ಬೇಡ. ತೋಟದಲ್ಲಿ ನಿಂತು ಸೆಲ್ಫಿ ತಗೊಂಡರು, ಪಹಣಿ ಜೆರಾಕ್ಸ್ ಇಸ್ಕೊಂಡರು, 'ಇದು ನನ್ನ ಜವಾಬ್ದಾರಿ' ಅಂದರು. ನಾವೂ ಅವರ ಪೋಸ್ಟ್ ಶೇರ್ ಮಾಡಿದ್ದೇ ಮಾಡಿದ್ದು. ಟಿಕೆಟ್ ಇನ್ನೊಬ್ಬರಿಗೆ ಆಯ್ತು. ಟಿಕೆಟ್ ಸಿಕ್ಕಿದವರು ಊರಿಗೆ ಬಂದಾಗ ಮತದಾನಕ್ಕೆ ಹತ್ತು ದಿನವೂ ಇರಲಿಲ್ಲ. ತಮಟೆ, ಪಟಾಕಿ, ಹಾರ. ಪಹಣಿ ಮಾತು ಎತ್ತೋಕೆ ಜಾಗವೇ ಸಿಗಲಿಲ್ಲ. ತಪ್ಪು ಅವರದ್ದು ಅಂತ ಬಹಳ ದಿನ ಬೈಕೊಂಡೆ. ಈಗ ಅನ್ಸುತ್ತೆ, ನಾವು ಹೋಗಿ ನಿಂತಿದ್ದೇ ತಡವಾಗಿ.

ಕಾನೂನು ಏನು ಹೇಳುತ್ತೆ? ಪಕ್ಷದ ಚಿಹ್ನೆ ಬೇಕಂದರೆ ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ ಫಾರಂ ಚುನಾವಣಾಧಿಕಾರಿ ಕೈ ಸೇರಬೇಕು. ಅಷ್ಟೇ. ಆ ಫಾರಂ ಯಾರಿಗೆ ಕೊಡಬೇಕು, ಕಾರ್ಯಕರ್ತರನ್ನ ಕೇಳಬೇಕಾ ಬೇಡವಾ, ಇದರ ಬಗ್ಗೆ ಕಾನೂನು ಮಾತಾಡಲ್ಲ. ಪಕ್ಷದೊಳಗೂ ಪ್ರಜಾಪ್ರಭುತ್ವ ಕಡ್ಡಾಯ ಮಾಡಿ ಅಂತ ಕಾನೂನು ಆಯೋಗ 1999ರಲ್ಲೇ ಹೇಳಿತ್ತು. ಯಾವ ಪಕ್ಷಕ್ಕೂ ಅವಸರ ಕಾಣಲಿಲ್ಲ.

ಒಂದು ಸಲ ಮಾತ್ರ ನಮ್ಮ ಭಾಗದಲ್ಲೇ ಬೇರೆ ಥರ ಪ್ರಯತ್ನ ಆಯ್ತು. 2014ರ ಲೋಕಸಭೆ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿಯವರ ಯೋಜನೆಯಂತೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ, ಅಂದರೆ ಪಕ್ಷದೊಳಗೇ ಮತ ಹಾಕಿ ಅಭ್ಯರ್ಥಿ ಆರಿಸೋ ಚುನಾವಣೆ ನಡೆಸಿತು. ಕರ್ನಾಟಕದಲ್ಲಿ ಎರಡು ಕಡೆ: ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಹೆಬ್ಬಾಳ, ಬ್ಯಾಟರಾಯನಪುರ, ಯಶವಂತಪುರ, ದಾಸರಹಳ್ಳಿ ಎಲ್ಲಾ ಈ ಬೆಂಗಳೂರು ಉತ್ತರದೊಳಗೇ ಬರುತ್ತವೆ. ನಮ್ಮ ಯಲಹಂಕ ಮಾತ್ರ ಚಿಕ್ಕಬಳ್ಳಾಪುರಕ್ಕೆ ಸೇರಿದ್ದು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದರು, ಇಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ನಾರಾಯಣಸ್ವಾಮಿ 1996ರಲ್ಲಿ ಜನತಾದಳದಿಂದ ಇದೇ ಕ್ಷೇತ್ರದ ಸಂಸದರಾಗಿದ್ದವರು, ಪಂಚಾಯತ್‌ರಾಜ್ ವಿಷಯದಲ್ಲಿ ಪಳಗಿದವರು. ಹಳ್ಳಿ ಗೊತ್ತಿರೋ ಒಬ್ಬರಿಗೆ ಟಿಕೆಟ್ ಸಿಕ್ಕಿತು ಅನ್ನೋದು ಸಣ್ಣ ಮಾತಲ್ಲ. ಆದರೆ ನಿಜವಾದ ಚುನಾವಣೆಯಲ್ಲಿ ಡಿ.ವಿ. ಸದಾನಂದಗೌಡರ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಪೂಜಾರಿಯವರೂ ಸೋತರು.

ಸೋತರಲ್ಲ, ಆದ್ದರಿಂದ ಪ್ರೈಮರಿ ದಂಡ ಅನ್ನೋರು ಇದ್ದಾರೆ. ನಾನು ಒಪ್ಪಲ್ಲ. ಆ ವರ್ಷ ಮೋದಿ ಅಲೆ ಇತ್ತು, ದೆಹಲಿಯಲ್ಲಿ ಕೂತು ಆರಿಸಿದ ಕಾಂಗ್ರೆಸ್ಸಿಗರೂ ಸಾಲುಸಾಲಾಗಿ ಸೋತರು. ನನ್ನ ತಕರಾರು ಬೇರೆ. ಆ ಪ್ರೈಮರಿಯಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳಲ್ಲಿ ಗೆದ್ದವರು. ಹಾಲು ಡೇರಿಗೆ ಹಾಕಿ ಬರುವವನು, ಹೂ ಕಟ್ಟಿ ಮಾರುಕಟ್ಟೆಗೆ ಕಳಿಸುವವಳು ಆ ಪಟ್ಟಿಯಲ್ಲಿರಲಿಲ್ಲ. 2023ರ ಮಾರ್ಚ್ ಕೊನೆಯಲ್ಲಿ ಬಿಜೆಪಿ ಕೂಡ ವಿಧಾನಸಭೆ ಟಿಕೆಟ್‌ಗೆ ಪದಾಧಿಕಾರಿಗಳಿಂದ ಚೀಟಿಯಲ್ಲಿ ಹೆಸರು ಬರೆಸಿತು. ಕೊನೇ ಮಾತು ಮಾತ್ರ ದೆಹಲಿಯದೇ.

ಉಳಿದ ಸಲಗಳೆಲ್ಲ ಟಿಕೆಟ್ ಹೇಗೆ ಹೋಯ್ತು ನೋಡಿ. ಆರ್.ಟಿ. ನಗರ, ಗಂಗಾನಗರ ಇರೋ ಹೆಬ್ಬಾಳದಲ್ಲಿ 2016ರ ಉಪಚುನಾವಣೆ. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಒಲವು ಬೈರತಿ ಸುರೇಶ್ ಕಡೆ, ಹಿರಿಯ ನಾಯಕ ಜಾಫರ್ ಷರೀಫ್ ತಮ್ಮ ಮೊಮ್ಮಗನಿಗೇ ಕೊಡಿ ಅಂತ ಹಟ. ಮೊಮ್ಮಗನಿಗೆ ಸಿಕ್ಕಿತು, ಗೆದ್ದಿದ್ದು ಬಿಜೆಪಿಯ ವೈ.ಎ. ನಾರಾಯಣಸ್ವಾಮಿ. ಎರಡೇ ವರ್ಷಕ್ಕೆ, 2018ರಲ್ಲಿ, ಅದೇ ಬೈರತಿ ಸುರೇಶ್‌ಗೆ ಟಿಕೆಟ್ ಸಿಕ್ಕಿ ಗೆದ್ದರು. ಪಕ್ಕದ ಪುಲಕೇಶಿನಗರದಲ್ಲಿ ಅಖಂಡ ಶ್ರೀನಿವಾಸಮೂರ್ತಿ 2018ರಲ್ಲಿ ಗೆದ್ದ ಅಂತರ 81 ಸಾವಿರಕ್ಕೂ ಹೆಚ್ಚು. 2023ರಲ್ಲಿ ಅವರಿಗೇ ಟಿಕೆಟ್ ಇಲ್ಲ. ಇನ್ನು 2024ರ ಬೆಂಗಳೂರು ಉತ್ತರ: ಹತ್ತು ವರ್ಷ ಸಂಸದರಾಗಿದ್ದ ಸದಾನಂದಗೌಡರನ್ನ ಬಿಟ್ಟು ಬಿಜೆಪಿ ಉಡುಪಿ-ಚಿಕ್ಕಮಗಳೂರಿನಿಂದ ಶೋಭಾ ಕರಂದ್ಲಾಜೆಯವರನ್ನ ತಂದಿತು, ಅವರು ಗೆದ್ದರು. ಜನರ ಮತಕ್ಕೂ ಟಿಕೆಟ್‌ಗೂ ನಂಟು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಗಂತ ಟಿಕೆಟ್ ಪೈಪೋಟಿ ರೈತನ ಕೈಗೆ ಸಿಗೋದೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಪ್ರೈಮರಿ ಕಾನೂನಿನಲ್ಲೇ ಇದೆ, ಶಾಸಕರ ಸ್ಥಾನಕ್ಕೂ ಉಂಟು, ಮತ ಹಾಕೋರು ಸಾಮಾನ್ಯ ಜನ. ಅಲ್ಲಿನ ನಾರ್ತ್ ಡಕೋಟ ರಾಜ್ಯದ ಗೋಧಿ ರೈತರ ಕಥೆ ಕೇಳಿ. ಅವರ ಗೋಧಿಗೆ ಗ್ರೇಡು, ರೇಟು ಎರಡೂ ನಿಗದಿ ಮಾಡ್ತಿದ್ದಿದ್ದು ಪಕ್ಕದ ರಾಜ್ಯದ ಮಿನಿಯಾಪೊಲಿಸ್ ವ್ಯಾಪಾರಿಗಳು. ನಮ್ಮ ಈರುಳ್ಳಿ ಯಶವಂತಪುರ ಯಾರ್ಡಿಗೆ ಹೋದಾಗ ಆಗುತ್ತಲ್ಲ, ಹಾಗೇ. 1915ರಲ್ಲಿ ರೈತರು ನಾನ್‌ಪಾರ್ಟಿಸನ್ ಲೀಗ್ ಅಂತ ಸಂಘ ಕಟ್ಟಿದರು. ಹೊಸ ಪಕ್ಷ ಮಾಡಲಿಲ್ಲ, ಅದೇ ಜಾಣತನ. ಫೋರ್ಡ್ ಕಾರಲ್ಲಿ ತೋಟ ತೋಟಕ್ಕೆ ಹೋಗಿ ಸದಸ್ಯರನ್ನ ಮಾಡಿ, 1916ರಲ್ಲಿ ಅಲ್ಲಿ ಬಲವಾಗಿದ್ದ ರಿಪಬ್ಲಿಕನ್ ಪಕ್ಷದ ಪ್ರೈಮರಿಗೇ ನುಗ್ಗಿ ತಮ್ಮವರನ್ನ ನಿಲ್ಲಿಸಿದರು. ಲಿನ್ ಫ್ರೇಜಿಯರ್ ಅನ್ನೋ ರೈತ ಗವರ್ನರ್ ಆದ. 1919ರಲ್ಲಿ ರಾಜ್ಯದ ಸ್ವಂತ ಬ್ಯಾಂಕು, 1922ರಲ್ಲಿ ಸ್ವಂತ ಹಿಟ್ಟಿನ ಗಿರಣಿ. ಫ್ರೇಜಿಯರ್‌ನನ್ನ 1921ರಲ್ಲಿ ಅದೇ ಜನ ಮತ ಹಾಕಿ ವಾಪಸ್ ಕರೆಸಿಕೊಂಡರು, ಅದು ಬೇರೆ ಕಥೆ. ಬ್ಯಾಂಕು, ಗಿರಣಿ ಎರಡೂ ಇವತ್ತಿಗೂ ಇವೆ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಟಿಕೆಟ್‌ಗೆ ಅರ್ಜಿ ಹಾಕೋದೂ ಅಗ್ಗ ಅಲ್ಲ: 2023ರ ಚುನಾವಣೆಗೆ ಕಾಂಗ್ರೆಸ್ ಅರ್ಜಿಗೆ 5 ಸಾವಿರ, ಅದರ ಜೊತೆ ಸಾಮಾನ್ಯ ವರ್ಗದವರಿಗೆ 2 ಲಕ್ಷದ ಡಿಡಿ, ಪರಿಶಿಷ್ಟರಿಗೆ 1 ಲಕ್ಷದ್ದು. ಒಂದು ಎಕರೆ ಗುಲಾಬಿಯ ಬಂಡವಾಳವನ್ನ ಬರೀ ಅರ್ಜಿಗೆ ಹಾಕೋ ರೈತ ಯಾರಿದ್ದಾನೆ? ಹಳ್ಳಿ ಹುಡುಗ ಮೆಟ್ಟಿಲು ಹತ್ತಿ ಬರುತ್ತಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದು ಇನ್ನೊಂದು ಗೋಳು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ.

ಆದರೂ ಒಂದು ಕಾಲ ಇದೆ. ಚುನಾವಣೆಗೆ ವರ್ಷ, ಎರಡು ವರ್ಷ ಮುಂಚೆ ಆಕಾಂಕ್ಷಿಗಳು ಫ್ಲೆಕ್ಸ್ ಕಟ್ಟಿಸಿ ಓಡಾಡ್ತಾರಲ್ಲ, ಆಗ ಅವರಿಗೆ ನಮ್ಮ ಅಗತ್ಯ ಇರುತ್ತೆ. ಸರ್ವೆಯವರು ಬಂದು 'ಇಲ್ಲಿ ಯಾರ ಹೆಸರು ನಡೀತಿದೆ' ಅಂತ ಕೇಳೋದೂ ಆಗಲೇ. ಬಿ ಫಾರಂ ಕೈಗೆ ಬಂದ ಮೇಲೆ ಅವರಿಗೆ ಬೇಕಾಗೋದು ನಮ್ಮ ಬೂತಿನ ಲೆಕ್ಕ ಮಾತ್ರ. ದೇವನಹಳ್ಳಿ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತು 1,777 ಎಕರೆ ಸ್ವಾಧೀನ ಕೈಬಿಡುವ ಘೋಷಣೆಯನ್ನ 2025ರ ಜುಲೈನಲ್ಲಿ ಹೊರಡಿಸಿದರು. ದೊಡ್ಡ ಗೆಲುವು, ಕೈಮುಗೀತೀನಿ. ಆದರೆ ಪ್ರತಿ ಊರೂ ಮೂರು ವರ್ಷ ರಸ್ತೆ ಬದಿ ಕೂರೋಕಾಗುತ್ತಾ?

ಅದಕ್ಕೆ ನಾವು ಒಂದಷ್ಟು ಜನ 2028 ಬರಲಿ ಅಂತ ಕಾಯದೆ ಈಗಲೇ ಶುರು ಮಾಡಿದ್ದೀವಿ. ವಾಟ್ಸಾಪ್ ಗ್ರೂಪಲ್ಲಿ ಕೂತು ಮೂರೇ ಪ್ರಶ್ನೆ ಬರೆದೆವು. 11ನೇ ಕಾಲಂನಲ್ಲಿ ಸ್ವಾಧೀನದ ಸಾಲು ವರ್ಷಗಟ್ಟಲೆ ಕೂರದಂತೆ ಗಡುವಿನ ಕಾನೂನಿಗೆ ಸದನದಲ್ಲಿ ದನಿ ಎತ್ತುತ್ತೀರಾ? ಹೆಬ್ಬಾಳ-ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ತನಕ ಕೆರೆಗಳಿಗೆ ಹರಿಸೋ ಕೊಳಚೆ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತೀರಾ? ಪಂಚಾಯಿತಿ ಚುನಾವಣೆ ತಡವಾಗಬಾರದು ಅಂತ ನಿಮ್ಮ ಪಕ್ಷಕ್ಕೇ ಹೇಳ್ತೀರಾ? ಉತ್ತರ ವಿಡಿಯೋದಲ್ಲಿ ಬೇಕು, ಪಕ್ಷ ಯಾವುದಾದರೂ ಸರಿ ಅಂತ ಸೇರಿಸಿದೆವು. ಯಶವಂತಪುರದಲ್ಲಿ ಎಸ್.ಟಿ. ಸೋಮಶೇಖರ್ ಎರಡು ಸಲ ಕಾಂಗ್ರೆಸ್‌ನಿಂದ, ಎರಡು ಸಲ ಬಿಜೆಪಿಯಿಂದ ಗೆದ್ದಿದ್ದು ನೋಡಿದ ಮೇಲೆ ಚಿಹ್ನೆಗಿಂತ ಆಳಿನ ಮಾತು ರೆಕಾರ್ಡ್ ಆಗಿರೋದು ಮೇಲು ಅನ್ನಿಸಿದೆ.

ನಮ್ಮ ಕಡೆ ಓಡಾಡ್ತಿರೋ ಮೂವರಿಗೆ ಕಳಿಸಿದೆವು. ಒಬ್ಬರು ಕೈಮುಗಿಯೋ ಸ್ಟಿಕ್ಕರ್ ಹಾಕಿದರು. ಇನ್ನೊಬ್ಬರದು ನೀಲಿ ಟಿಕ್ ಬಂತು, ಅಷ್ಟೇ. ಮೂರನೆಯವರು ಫೋನ್ ಮಾಡಿ, 'ಆ 11ನೇ ಕಾಲಂ ವಿಷಯ ನನಗೆ ಪೂರ್ತಿ ಗೊತ್ತಿಲ್ಲ, ಭಾನುವಾರ ಬರ್ತೀನಿ, ಕೂತು ಹೇಳಿ' ಅಂದರು. ಎಲ್ಲರೂ ತಂತಮ್ಮ ಪಹಣಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ ಅಂತ ಗ್ರೂಪಲ್ಲಿ ಹಾಕಿದ್ದೀನಿ.