ಕಾರ್ನಾಡರ ಕನ್ನಡ, ನಮ್ಮ ಮಕ್ಕಳ ಕನ್ನಡ

ರಂಗಭೂಮಿ, ಚಲನಚಿತ್ರ, ದೂರದರ್ಶನ ಮೂರರಲ್ಲೂ ದುಡಿದ ಗಿರೀಶ ಕಾರ್ನಾಡರು (1938–2019) ಜನಿಸಿದ್ದು ಮುಂಬಯಿ ಸಮೀಪದ ಮಾಥೇರಾನದಲ್ಲಿ, ಮನೆಮಾತು ಕೊಂಕಣಿ. ಇಂಗ್ಲಿಷ್ ಕವಿಯಾಗುವ ಹಂಬಲವಿದ್ದರೂ ಆಕ್ಸ್‌ಫರ್ಡಿಗೆ ಹೊರಡುವ ಮುನ್ನ ಬರೆದದ್ದು ಕನ್ನಡದ ‘ಯಯಾತಿ’ (1961). ಮದರಾಸಿನಲ್ಲಿ ಉದ್ಯೋಗದಲ್ಲಿದ್ದಾಗ ‘ತುಘಲಕ್’ (1964) ಹೊರಬಂದಿತು. ‘ಸಂಸ್ಕಾರ’ದಲ್ಲಿ (1970) ನಟಿಸಿದರು, ‘ಕಾಡು’ (1973) ನಿರ್ದೇಶಿಸಿದರು. ಹಿಂದಿ ಚಿತ್ರಗಳು ದೇಶವ್ಯಾಪಿ ಖ್ಯಾತಿ ತಂದರೂ ನಾಟಕಕ್ಕಾಗಿ ಅವರು ಮತ್ತೆ ಮತ್ತೆ ಕನ್ನಡಕ್ಕೆ ಮರಳಿದರು.

ಈ ನಂಟು ಶಿರಸಿಯ ಬಾಲ್ಯದಲ್ಲಿ ಕಂಡ ಯಕ್ಷಗಾನ, ಕಂಪನಿ ನಾಟಕಗಳಿಂದಲೂ ಧಾರವಾಡದ ವಿದ್ಯಾಭ್ಯಾಸದಿಂದಲೂ ಬೆಳೆದದ್ದು. ಹೊರನಾಡಿನ ನಮ್ಮ ಮಕ್ಕಳಿಗೆ ಮನೆಮಾತು ಕನ್ನಡವೇ ಆದರೂ ಅಂತಹ ಪರಿಸರವಿಲ್ಲ. ಅದನ್ನು ಒದಗಿಸುವುದು ಸಂಘಗಳ ಹೊಣೆ. ರಾಜ್ಯೋತ್ಸವದ ಸನ್ಮಾನ ಸಮಾರಂಭವೊಂದೇ ಸಾಲದು; ವಾರಕ್ಕೊಮ್ಮೆ ಅಕ್ಷರಪಾಠ, ವರ್ಷಕ್ಕೆರಡಾದರೂ ಮಕ್ಕಳ ನಾಟಕ ನಡೆಯಬೇಕು.