ಆರೋಗ್ಯ ವಿಚಾರ: ಹೆಸರೊಂದೇ, ಮದ್ದು ಒಂದೇ ಅಲ್ಲ

ಮಲೇರಿಯಾ ಜ್ವರಕ್ಕೆ ಕೊಡುವ ಮದ್ದು ವಿಷಮಶೀತ ಜ್ವರಕ್ಕೆ ಸಲ್ಲದೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಕ್ಯಾನ್ಸರಿನ ವಿಷಯವೂ ಹಾಗೆಯೇ. ಸ್ತನದ ಕ್ಯಾನ್ಸರೆಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ರೋಗಗಳು ಅಡಗಿರುವುವು. ಕೆಲವು ಗಡ್ಡೆಗಳು ಈಸ್ಟ್ರೋಜನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುವುವು. ಅವಕ್ಕೆ ಟಮಾಕ್ಸಿಫೆನ್ ಮುಂತಾದ ಮದ್ದುಗಳುಂಟು. ಕೆಲವುಗಳಲ್ಲಿ ಹರ್-೨ ಎಂಬ ಪ್ರೋಟೀನು ಮಿತಿಮೀರಿರುವುದು. ಅವಕ್ಕೆ ಟ್ರಾಸ್ಟುಜುಮಾಬ್ ಎಂಬ ಬೇರೆ ಮದ್ದುಂಟು.

ಶಸ್ತ್ರಚಿಕಿತ್ಸೆಯಾದ ಬಳಿಕ ಕಿಮೊಥೆರಪಿ ಬೇಕೆ, ಬೇಡವೆ? ಬೇಡದವರಿಗೆ ಕೊಟ್ಟರೆ ವಾಂತಿ, ನಿಶ್ಶಕ್ತಿ, ಕೂದಲುದುರುವಿಕೆಗಳ ಕಷ್ಟವೆಲ್ಲವೂ ವ್ಯರ್ಥ. ಬೇಕಾದವರಿಗೆ ಕೊಡದಿದ್ದರೆ ಪ್ರಾಣಕ್ಕೇ ಅಪಾಯ.

ಇದನ್ನು ತಿಳಿಯುವುದಕ್ಕಾಗಿ ಅಮೆರಿಕ, ಕೆನಡಾ ಮೊದಲಾದ ದೇಶಗಳಲ್ಲಿ ‘ಟೈಲರ್ಎಕ್ಸ್’ ಎಂಬ ದೊಡ್ಡ ಪರೀಕ್ಷೆಯೊಂದು ನಡೆಯಿತು. ೨೦೦೬ರಿಂದ ೨೦೧೦ರ ವರೆಗೆ ೧೦,೨೭೩ ಮಂದಿ ಸ್ತ್ರೀಯರು ಒಪ್ಪಿ ಅದರಲ್ಲಿ ಸೇರಿದರು. ಇವರ ರೋಗವು ಹಾರ್ಮೋನಿನಿಂದ ಬೆಳೆಯತಕ್ಕುದು, ಹರ್-೨ ಹೆಚ್ಚಿಲ್ಲದುದು, ಕಂಕುಳಿನ ಗ್ರಂಥಿಗಳಿಗೆ ಹರಡದುದು. ಪ್ರತಿಯೊಬ್ಬರ ಗಡ್ಡೆಯ ತುಣುಕಿನಲ್ಲಿ ೨೧ ಜೀನ್‌ಗಳ ಚಟುವಟಿಕೆಯನ್ನು ಅಳೆದು, ೦ಯಿಂದ ೧೦೦ರೊಳಗೆ ಒಂದು ಅಂಕವನ್ನು ಗೊತ್ತುಮಾಡಿದರು. ೧೧ರಿಂದ ೨೫ರ ವರೆಗಿನ ಅಂಕವುಳ್ಳವರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನ್ ಚಿಕಿತ್ಸೆಯನ್ನು ಮಾತ್ರ, ಇನ್ನೊಂದಕ್ಕೆ ಅದರೊಡನೆ ಕಿಮೊಥೆರಪಿಯನ್ನೂ ಕೊಟ್ಟರು. ಫಲವು ೨೦೧೮ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷಗಳ ಲೆಕ್ಕದಲ್ಲಿ ಎರಡು ಗುಂಪುಗಳಲ್ಲಿಯೂ ನೂರಕ್ಕೆ ಸುಮಾರು ೯೪ ಮಂದಿ ಬದುಕಿದ್ದರು! ಐವತ್ತು ವಯಸ್ಸು ಮೀರದವರಲ್ಲಿ ಅಂಕವು ೧೬ರಿಂದ ೨೫ರ ವರೆಗೆ ಇದ್ದವರಿಗೆ ಮಾತ್ರ ಕಿಮೊಥೆರಪಿಯಿಂದ ಕೊಂಚ ಪ್ರಯೋಜನ ಕಂಡುಬಂದಿತು.

ಇಂದು ಅಂಥ ರೋಗಿಯೊಬ್ಬಳಿಗೆ ವೈದ್ಯರು “ಅಮ್ಮಾ, ನಿಮಗೆ ಕಿಮೊಥೆರಪಿ ಬೇಡ” ಎಂದು ಧೈರ್ಯವಾಗಿ ಹೇಳಬಲ್ಲರಾದರೆ, ಅದು ಆ ಸಾವಿರಾರು ಸ್ತ್ರೀಯರ ದಾಖಲೆಗಳ ಪುಣ್ಯ. ತಮ್ಮ ದೇಹದ ವಿವರವನ್ನು ಅವರು ಮುಂದಿನವರಿಗಾಗಿ ಬಿಟ್ಟುಕೊಟ್ಟರು.

ಆದುದರಿಂದ ಗೃಹಸ್ಥರು ಮನೆಯಲ್ಲಿ ಈ ರೋಗ ಕಾಣಿಸಿಕೊಂಡಾಗ ಮೂರು ಸಂಗತಿಗಳನ್ನು ಮರೆಯಬಾರದು. ಗಡ್ಡೆಯ ತುಣುಕಿನ ಪರೀಕ್ಷೆಯ ವರದಿಯನ್ನು ಮನೆಯ ಪತ್ರದಂತೆ ಜೋಪಾನವಾಗಿಡಬೇಕು. ಮೇಣದಲ್ಲಿ ಹುದುಗಿಸಿಟ್ಟ ಆ ತುಣುಕು ಎಲ್ಲಿದೆಯೆಂದು ಆಸ್ಪತ್ರೆಯಲ್ಲಿ ಕೇಳಿ ತಿಳಿದಿರಬೇಕು. ಬೇರೆ ವೈದ್ಯರಲ್ಲಿಗೆ ಹೋದರೆ ಅದು ಬೇಕಾಗಬಹುದು. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಈ ರೋಗ ಬಂದಿತ್ತೆಂಬುದನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ತಿಳಿಸಬೇಕು. ನೆರೆಹೊರೆಗೆ ಇದನ್ನು ಮುಚ್ಚಿಡುವುದು ರೋಗಿಯ ಹಕ್ಕು; ವೈದ್ಯರಿಗೆ ಮುಚ್ಚಿಟ್ಟರೆ ನಷ್ಟವು ರೋಗಿಗೇ.